ಪ್ರೇಕ್ಷಕ ಧರ್ಮ

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)

ನಾಟಕ ಆಡುವವರಿಗೆ ಶಾಲೆಗಳಿವೆ. ಟೆನಿಸ್ ಆಡುವವರಿಗೆ ಗುರುಗಳಿದ್ದಾರೆ. ಆದರೆ ನಾಟಕ ನೋಡುವವರಿಗಾಗಲಿ, ಆಟ ನೋಡುವವರಿಗಾಗಲಿ ಯಾವ ಶಾಲೆಯೂ ಇಲ್ಲ. ಟಿಕೆಟ್ಟು ಕೊಂಡರೆ ಸಾಕು, ನೋಡುವ ವಿದ್ಯೆ ತಾನಾಗಿಯೇ ಬಂದುಬಿಡುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಈ ನಂಬಿಕೆ ಎಷ್ಟು ಪೊಳ್ಳು ಎಂಬುದು ತಿಳಿಯಬೇಕಾದರೆ ಒಂದು ಸಂಜೆ ನಮ್ಮೂರ ಪುರಭವನದಲ್ಲಿ ನನ್ನ ಪಕ್ಕದಲ್ಲಿ ಕುಳಿತು ನಾಟಕ ನೋಡಬೇಕು. ನನ್ನ ಪಕ್ಕದಲ್ಲಿ ಎಂದದ್ದಕ್ಕೆ ಕಾರಣವುಂಟು. ನೋಡಲು ಬಾರದ ಪ್ರೇಕ್ಷಕರ ಪಟ್ಟಿಯಲ್ಲಿ ನನ್ನ ಹೆಸರೂ ಸೇರಿದೆ. ಅದನ್ನು ಮುಂದೆ ಹೇಳುತ್ತೇನೆ.

ನಾನು ಪ್ರೌಢಶಾಲೆಯೊಂದರಲ್ಲಿ ಕನ್ನಡದ ಮೇಷ್ಟ್ರು. ಹಳಗನ್ನಡ, ಛಂದಸ್ಸು, ಅಲಂಕಾರಗಳನ್ನು ಓದಿ ಪಂಡಿತ ಪರೀಕ್ಷೆ ಮುಗಿಸಿದವನು. ನನಗಿರುವ ಚಟಗಳು ಎರಡು. ಒಂದು ನಾಟಕ, ಅದು ಬಾಲ್ಯದಿಂದ ಬಂದದ್ದು. ಇನ್ನೊಂದು ಟೆನಿಸ್, ಅದು ಈಚಿನ ಏಳೆಂಟು ವರ್ಷಗಳಿಂದ ಅಂಟಿಕೊಂಡದ್ದು. ಆಡುವ ಚಟವಲ್ಲ, ನೋಡುವ ಚಟ. ಪಂಚೆಯುಟ್ಟು ಪಾಠ ಹೇಳುವವನಿಗೂ ಟೆನಿಸ್ಸಿಗೂ ಎಲ್ಲಿಯ ನಂಟು ಎಂದು ನನ್ನ ಸಹೋದ್ಯೋಗಿಗಳು ನಗುತ್ತಾರೆ. ನಗಲಿ. ನಾಟಕ ನೋಡುವುದು ಹೇಗೆಂಬುದನ್ನು ನನಗೆ ಕಲಿಸಿದ್ದು ನಾಟಕವಲ್ಲ, ಟೆನಿಸ್. ಇಂದು ನಿಮ್ಮ ಮುಂದೆ ಹೇಳಬೇಕೆಂದಿರುವುದೂ ಅದನ್ನೇ.

ಮೊದಲು ನಾಟಕದ ಕಡೆ ಬರೋಣ. ಆರೂವರೆಗೆ ನಾಟಕ ಎಂದು ಕರಪತ್ರದಲ್ಲಿ ಅಚ್ಚಾಗಿರುತ್ತದೆ. ಆರೂವರೆಗೆ ಬಂದು ಕೂರುವವರು ನಾಲ್ಕು ಮಂದಿ ಮಕ್ಕಳು ಮತ್ತು ನಾನು. ಏಳಕ್ಕೆ ಮುಖ್ಯ ಅತಿಥಿಗಳು ಬರುತ್ತಾರೆ. ಹಾರ, ಶಾಲು, ಫಲತಾಂಬೂಲ, ಸ್ವಾಗತ, ವಂದನಾರ್ಪಣೆ ಇವೆಲ್ಲ ಮುಗಿಯುವ ಹೊತ್ತಿಗೆ ಹರಿಶ್ಚಂದ್ರನ ವೇಷ ಹಾಕಿದವನು ಪರದೆಯ ಹಿಂದೆ ಬೆವರಿ, ಮುಖದ ಬಣ್ಣ ಅರ್ಧ ಕರಗಿರುತ್ತದೆ. ಮೊದಲ ದೃಶ್ಯ ನಡೆಯುತ್ತಿರುವಾಗ ಮುಂದಿನ ಸೋಫಾದ ಮಹನೀಯರು ಎದ್ದು, ರಂಗಕ್ಕೆ ಬೆನ್ನು ಹಾಕಿ, ಹಿಂದಿನವರಿಗೆಲ್ಲ ನಮಸ್ಕಾರ ಮಾಡುತ್ತ ಹೊರಡುತ್ತಾರೆ. ಅವರನ್ನು ಬೀಳ್ಕೊಡಲು ಸಂಘದ ಪದಾಧಿಕಾರಿಗಳೂ ಹೊರಡುತ್ತಾರೆ. ಆಮೇಲೆ ತಡವಾಗಿ ಬಂದವರ ಮೆರವಣಿಗೆ. ಮೊಬೈಲಿನ ಬೆಳಕು ಹಿಡಿದು ಕುರ್ಚಿ ಹುಡುಕುವವರು, ಕಾಲು ತುಳಿದು "ಸ್ವಲ್ಪ ಸರೀರಿ" ಎನ್ನುವವರು, ಕುಳಿತ ಮೇಲೆ "ಇದುವರೆಗೆ ಏನಾಯ್ತು?" ಎಂದು ಕೇಳುವವರು. ಅವರಿಗೆ ವಿವರವಾಗಿ ಕಥೆ ಹೇಳುವ ಪರೋಪಕಾರಿಯೊಬ್ಬ ಪ್ರತಿ ಸಾಲಿನಲ್ಲೂ ಇದ್ದೇ ಇರುತ್ತಾನೆ. ಚಂದ್ರಮತಿ ಮಗನ ಹೆಣದ ಮುಂದೆ ಕುಳಿತು ಗೋಳಿಡುವಾಗ ಯಾರದೋ ಜೇಬಿನಲ್ಲಿ ಮೊಬೈಲು ಸಿನಿಮಾ ಹಾಡು ಹಾಡುತ್ತದೆ. ಅವರು ಅದನ್ನು ಆರಿಸುವುದಿಲ್ಲ. ತೆಗೆದುಕೊಂಡು, "ನಾಟಕದಲ್ಲಿದ್ದೀನಿ ಕಣೋ, ಆಮೇಲೆ ಮಾಡು" ಎಂದು ಇಡೀ ಸಭೆಗೆ ಕೇಳುವಂತೆ ಹೇಳುತ್ತಾರೆ.

ಇದಕ್ಕೆ ಮದ್ದೇ ಇಲ್ಲವೆಂದಲ್ಲ. ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ರಂಗಶಂಕರದಲ್ಲಿ ನಾಟಕ ಹೊತ್ತಿಗೆ ಸರಿಯಾಗಿ ಶುರುವಾಗುತ್ತದೆ. ತಡವಾಗಿ ಬಂದವರನ್ನು, ಅವರು ಯಾರೇ ಆಗಿರಲಿ, ಒಳಗೆ ಬಿಡುವುದಿಲ್ಲ. ಒಮ್ಮೆ ನಾನೂ ಬಸ್ಸನ್ನು ನಂಬಿ ಐದು ನಿಮಿಷ ತಡವಾಗಿ ಹೋಗಿ, ಮುಚ್ಚಿದ ಬಾಗಿಲು ನೋಡಿ ಹಿಂದಿರುಗಿದೆ. ದಾರಿಯುದ್ದಕ್ಕೂ ಗೊಣಗಿದೆ. ಮನೆ ಸೇರುವ ಹೊತ್ತಿಗೆ, ಒಳಗೆ ಕುಳಿತವನು ನಾನಾಗಿದ್ದರೆ ಬಾಗಿಲು ತೆರೆದವರನ್ನು ಎಷ್ಟು ಬೈಯುತ್ತಿದ್ದೆನೆಂದು ನೆನೆದು ಸುಮ್ಮನಾದೆ.

ಹಾಗಾದರೆ ಬಾಯಿಗೆ ಬೀಗ ಹಾಕಿಕೊಂಡು ಕೂರುವುದೇ ಒಳ್ಳೆಯ ಪ್ರೇಕ್ಷಕನ ಲಕ್ಷಣವೋ? ಹಾಗೆಂದರೆ ನಮ್ಮ ಹಿರಿಯರು ಒಪ್ಪಲಾರರು. ಕಂಪನಿ ನಾಟಕಗಳ ಕಾಲದಲ್ಲಿ ಒಂದು ರಂಗಗೀತೆ ಹಿಡಿಸಿದರೆ ಸಭೆ "ವನ್ಸ್ ಮೋರ್" ಎಂದು ಕೂಗುತ್ತಿತ್ತು. ಸತ್ತು ಬಿದ್ದ ಪಾತ್ರ ಎದ್ದು ನಿಂತು ಇನ್ನೊಮ್ಮೆ ಹಾಡಿ, ಮತ್ತೆ ಸತ್ತ ಕಥೆಗಳನ್ನು ಹಿರಿಯರು ಹೇಳಿ ನಗಿಸುತ್ತಿದ್ದರು. ಮೈಕು ಇಲ್ಲದ ಆ ದಿನಗಳಲ್ಲಿ ಎ.ವಿ. ವರದಾಚಾರ್ಯರಂಥ ನಟರು ಕಟ್ಟಕಡೆಯ ಸಾಲಿಗೂ ಕೇಳುವಂತೆ ಹಾಡಬೇಕಾಗಿತ್ತು. ಸಭೆಯೂ ಅವರಿಗೆ ಕೇಳುವಂತೆ ಮೆಚ್ಚಿಗೆ ತೋರಿಸುತ್ತಿತ್ತು. ಇನ್ನು ಬಯಲಾಟ ಯಕ್ಷಗಾನಗಳಲ್ಲಂತೂ ರಾತ್ರಿಯಿಡೀ ಕುಳಿತವರು ನಡುವೆ ಒಂದು ನಿದ್ದೆ ತೆಗೆದು, ಚಂಡೆಯ ಪೆಟ್ಟಿಗೆ ಎಚ್ಚರಗೊಂಡು, ರಾಕ್ಷಸ ವೇಷ ಬಂದಾಗ ಕೇಕೆ ಹಾಕುತ್ತಾರೆ. ಅದು ಅಸಭ್ಯತೆಯಲ್ಲ. ಅಲ್ಲಿ ಸಭೆಯ ಸದ್ದು ಆಟದೊಳಗೇ ಹುಟ್ಟಿದ ಸದ್ದು.

ಭರತಮುನಿಗೂ ಈ ಭೇದ ಗೊತ್ತಿತ್ತು. ನಾಟ್ಯಶಾಸ್ತ್ರದ 27ನೆಯ ಅಧ್ಯಾಯ ಪ್ರಯೋಗದ ಸಿದ್ಧಿಯನ್ನು, ಎಂದರೆ ನಾಟಕ ಗೆಲ್ಲುವ ಬಗೆಯನ್ನು ಕುರಿತದ್ದು. ಮುಗುಳ್ನಗೆಯಿಂದ ಹಿಡಿದು ಗಟ್ಟಿನಗೆಯವರೆಗೆ, ಭಲೆ ಎನ್ನುವ ಉದ್ಗಾರದಿಂದ ಅಯ್ಯೋ ಎನ್ನುವ ಮರುಕದವರೆಗೆ, ರೋಮಾಂಚದಿಂದ ಹಿಡಿದು ಬೆರಳಿನ ಉಂಗುರ ಕಳಚಿಕೊಡುವವರೆಗೆ, ಇವೆಲ್ಲವೂ ಅಲ್ಲಿ ಮಾನುಷಸಿದ್ಧಿಯ ಗುರುತುಗಳು. ಅದಕ್ಕಿಂತ ಮೇಲಿನದು ದೈವಸಿದ್ಧಿ. ರಂಗಮಂದಿರ ತುಂಬಿರುತ್ತದೆ, ಸದ್ದಿಲ್ಲ, ಗಲಭೆಯಿಲ್ಲ, ಯಾರೂ ಕದಲುವುದಿಲ್ಲ. ನಾಟಕವನ್ನು ಕೆಡಿಸುವ ಶತ್ರುಗಳ ಪಟ್ಟಿಯನ್ನೂ ಮುನಿ ಬಿಟ್ಟಿಲ್ಲ. ವಿಪರೀತ ನಗು, ಕೂಗಾಟ, ಸೆಗಣಿ ಹೆಂಟೆಗಳನ್ನು ಎಸೆಯುವುದು, ಕಡೆಗೆ ಇರುವೆಗಳನ್ನು ಎರಚುವುದು ಕೂಡ ಅದರಲ್ಲಿದೆ. ಮೊಬೈಲು ಆಗಿರಲಿಲ್ಲ, ಅಷ್ಟೆ.

ಈ ಅಧ್ಯಾಯವನ್ನು ನಾನು ಓದಿದ್ದು ವಿದ್ಯಾರ್ಥಿದೆಸೆಯಲ್ಲಿ. ಅರ್ಥ ಬರೆದು ಅಂಕವನ್ನೂ ಪಡೆದೆ. ಅರ್ಥವಾದದ್ದು ಮಾತ್ರ ನಲವತ್ತೈದು ದಾಟಿದ ಮೇಲೆ, ಬೆಂಗಳೂರಿನ ಕಬ್ಬನ್ ಪಾರ್ಕಿನ ಟೆನಿಸ್ ಅಂಗಣದಲ್ಲಿ.

ನನ್ನ ಸೋದರಳಿಯನೊಬ್ಬ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ರಜೆಯಲ್ಲಿ ಅವನ ಮನೆಗೆ ಹೋದಾಗ, "ಬಾ ಮಾಮ, ಒಂದು ಆಟ ತೋರಿಸ್ತೀನಿ" ಎಂದು ಕರೆದುಕೊಂಡು ಹೋದ. ಸುತ್ತ ಮರಗಳು, ನಡುವೆ ಬಲೆ ಕಟ್ಟಿದ ಅಂಗಣ, ಆಚೆ ಒಬ್ಬ ಈಚೆ ಒಬ್ಬ. ಎತ್ತರದ ಪೀಠದಲ್ಲಿ ಕುಳಿತ ತೀರ್ಪುಗಾರರನ್ನು ಕಂಡು ನನಗೆ ವಿಕ್ರಮನ ಸಿಂಹಾಸನ ನೆನಪಾಯಿತು. ಅಳಿಯ ಮೆಲ್ಲಗೆ ನಿಯಮಗಳನ್ನು ಹೇಳಿಕೊಟ್ಟ. ಅಂಕಗಳ ಎಣಿಕೆ 15, 30, 40 ಎಂದು. ಸೊನ್ನೆಗೆ 'ಲವ್' ಎನ್ನುತ್ತಾರೆ. ಪ್ರತಿ ಸೆಟ್ಟಿನಲ್ಲೂ ಮೊದಲನೆಯ, ಮೂರನೆಯ, ಐದನೆಯ ಹೀಗೆ ಬೆಸ ಸಂಖ್ಯೆಯ ಗೇಮು ಮುಗಿದಾಗ ಆಟಗಾರರು ಬದಿ ಬದಲಾಯಿಸುತ್ತಾರೆ. ಪ್ರೇಕ್ಷಕರು ಎದ್ದು ಹೋಗುವುದು, ಬರುವುದು ಆಗಲೇ. ಚೆಂಡು ಆಟದಲ್ಲಿರುವಾಗ ಕದಲಬಾರದು, ಮಾತಾಡಬಾರದು. ಗದ್ದಲವಾದರೆ ತೀರ್ಪುಗಾರರು "ಕ್ವಯಟ್ ಪ್ಲೀಸ್" ಎನ್ನುತ್ತಾರೆ.

ಸರ್ವೀಸ್ ಮಾಡುವವನಿಗೆ ಎರಡು ಅವಕಾಶ. ಎರಡೂ ಸಲ ಚೆಂಡು ಬಲೆಗೆ ಬಿದ್ದರೆ, ಇಲ್ಲವೆ ಗೆರೆಯಾಚೆ ಹೋದರೆ, ಅಂಕ ಎದುರಾಳಿಗೆ. ಅದಕ್ಕೆ ಡಬಲ್ ಫಾಲ್ಟ್ ಎಂದು ಹೆಸರು. ನಾನು ಮನಸ್ಸಿನಲ್ಲೇ ಈಚೆಯವನ ಪಕ್ಷ ವಹಿಸಿದ್ದೆ. ಆಚೆಯವನ ಎರಡು ಚೆಂಡೂ ಬಲೆಗೆ ಬಿತ್ತು. ನನಗೆ ಸಂತೋಷವಾಗಿ ಜೋರಾಗಿ ಚಪ್ಪಾಳೆ ತಟ್ಟಿದೆ. ಇಡೀ ಅಂಗಣದಲ್ಲಿ ಅದೊಂದೇ ಚಪ್ಪಾಳೆ. ಮುಂದಿನ ಸಾಲಿನಲ್ಲಿ, ತನಗಿಂತ ದೊಡ್ಡ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಹತ್ತು ವರ್ಷದ ಹುಡುಗಿಯೊಬ್ಬಳು ತಿರುಗಿ ನೋಡಿ, ಬಹಳ ಮರ್ಯಾದೆಯಿಂದ, "ತಾತ, ಡಬಲ್ ಫಾಲ್ಟಿಗೆ ಚಪ್ಪಾಳೆ ಹೊಡೀಬಾರದು. ಚೆನ್ನಾಗಿ ಆಡಿದರೆ ಮಾತ್ರ ಹೊಡೀಬೇಕು" ಎಂದಳು.

ತಾತ ಎನ್ನಿಸಿಕೊಳ್ಳುವ ಯೋಗ ನನಗಿನ್ನೂ ಬಂದಿರಲಿಲ್ಲ. ಆದರೆ ನನ್ನನ್ನು ನಾಟಿದ್ದು ಆ ಮಾತಲ್ಲ, ಅದರ ಮುಂದಿನದು. ನಿಯಮಗಳ ಪುಸ್ತಕದಲ್ಲಿರದೆ, ಆಟವನ್ನು ಪ್ರೀತಿಸುವವರ ರೂಢಿಯಲ್ಲಿ ಉಳಿದು ಬಂದಿರುವ ಮರ್ಯಾದೆ ಅದು. ತಪ್ಪಿಗೆ ಮೌನ, ಸೊಗಸಿಗೆ ಚಪ್ಪಾಳೆ. ಸೊಗಸು ಯಾರದ್ದಾದರೂ ಸರಿ. ಆ ರಾತ್ರಿ ಅಳಿಯನ ಮನೆಯಲ್ಲಿ ನನಗೆ ನಿದ್ದೆ ಬರಲಿಲ್ಲ. ಕೆಲವು ವರ್ಷಗಳ ಹಿಂದಿನ ಒಂದು ಸಂಗತಿ ಎದ್ದು ಬಂದು ಕಣ್ಣ ಮುಂದೆ ನಿಂತಿತು.

ನಮ್ಮೂರಿನ ಹವ್ಯಾಸಿ ತಂಡ ದಸರೆಯಲ್ಲಿ ಹರಿಶ್ಚಂದ್ರನ ನಾಟಕ ಆಡಿತ್ತು. ರಾಜನ ಪಾತ್ರ ಸೈಕಲ್ ಷಾಪಿನ ಹುಡುಗನೊಬ್ಬನದು. ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿ. ಎಂಟನೆಯ ತರಗತಿಗೆ ಶಾಲೆ ಬಿಟ್ಟವನು. ಹಗಲೆಲ್ಲ ಪಂಕ್ಚರ್ ಹಾಕಿ, ರಾತ್ರಿ ದೀಪದ ಕಂಬದ ಕೆಳಗೆ ನಿಂತು ಮಾತು ಬಾಯಿಪಾಠ ಮಾಡಿದ್ದ. ಕಂಠ ಚೆನ್ನಾಗಿತ್ತು, ನಿಲುವು ಚೆನ್ನಾಗಿತ್ತು. ಸ್ಮಶಾನದ ದೃಶ್ಯ ಬಂತು. ಸಭೆ ನಿಶ್ಶಬ್ದವಾಗಿತ್ತು. ಭರತಮುನಿ ಹೇಳಿದ ಆ ಎರಡನೆಯ ಬಗೆಯ ಸಿದ್ಧಿ ನಮ್ಮೂರ ಪುರಭವನಕ್ಕೆ ಅಂದು ಬಂದಿತ್ತೆಂದೇ ಈಗ ನನಗೆ ತೋರುತ್ತದೆ. ಹುಡುಗ ಹೆಂಡತಿಯ ಮುಂದೆ ಕತ್ತಿ ಹಿಡಿದು ನಿಂತು ಧರ್ಮದ ಮಾತಾಡಬೇಕು. ಆಡಿದ. ಆದರೆ 'ಧರ್ಮ' ಎನ್ನಬೇಕಾದಲ್ಲಿ 'ದರ್ಮ' ಎಂದ. ಒಂದು ಸಲವಲ್ಲ, ಮೂರು ಸಲ. ಮೂರನೆಯ ಸಲ ನನ್ನೊಳಗಿನ ಪಂಡಿತ ತಡೆಯಲಾರದೆ ಹೋದ. ಎರಡನೆಯ ಸಾಲಿನಿಂದ, "ಧ! ಧ! ಮಹಾಪ್ರಾಣ!" ಎಂದುಬಿಟ್ಟೆ.

ಪಕ್ಕದವರಿಗೆ ಹೇಳಿದೆನೆಂದು ಆಗ ನನ್ನ ಎಣಿಕೆ. ನಲವತ್ತು ಹುಡುಗರ ತರಗತಿಯನ್ನು ಆಳಿದ ಗಂಟಲು ಪಕ್ಕದವರಿಗಷ್ಟೇ ಕೇಳುವಂತೆ ಮಾತಾಡಲಾರದು. ಸಾಲು ನಕ್ಕಿತು. ಹಿಂದಿನ ಸಾಲೂ ನಕ್ಕಿತು. ಹುಡುಗ ಎತ್ತಿದ ಕತ್ತಿಯನ್ನು ಹಾಗೆಯೇ ಹಿಡಿದು ನನ್ನ ಕಡೆ ನೋಡಿದ. ಮುಂದಿನ ಮಾತು ಮರೆತುಹೋಗಿತ್ತು. ಪಕ್ಕದ ಪರದೆಯಿಂದ ಯಾರೋ ಮಾತು ಎತ್ತಿಕೊಟ್ಟರು. ನಾಟಕ ಮುಂದುವರಿಯಿತು, ವಿಶ್ವೇಶ್ವರ ಪ್ರತ್ಯಕ್ಷನಾದ, ಮಂಗಳವಾಯಿತು. ಆದರೆ ಸಭೆ ಮತ್ತೆ ಸ್ಮಶಾನಕ್ಕೆ ಹೋಗಲಿಲ್ಲ. ಪರದೆ ಬಿದ್ದ ಮೇಲೆ ಹುಡುಗ ಬಣ್ಣ ತೊಳೆಯದೆ ಬಂದು ನನ್ನ ಕಾಲು ಮುಟ್ಟಿ, "ತಪ್ಪಾಯ್ತು ಸಾ" ಎಂದ. ನಾನು, "ಅಭ್ಯಾಸ ಮಾಡು, ಸರಿಹೋಗುತ್ತೆ" ಎಂದು ಹರಸಿದೆ! ಮರುವರ್ಷ ತಂಡದವರು ಪಾತ್ರಕ್ಕೆ ಕರೆದಾಗ ಅವನು ಒಪ್ಪಲಿಲ್ಲ. "ಮೇಷ್ಟ್ರು ಮುಂದೆ ಕೂತಿರ್ತಾರೆ" ಎಂದನಂತೆ.

ಅವನ ತಪ್ಪು ತಪ್ಪೇ ಹೌದು. ಮಹಾಪ್ರಾಣವನ್ನು ಬಿಟ್ಟುಬಿಡಿ ಎಂದು ನಾನು ಇಂದಿಗೂ ಹೇಳುವುದಿಲ್ಲ. ನಾಳೆ ತರಗತಿಗೆ ಹೋಗಬೇಕಾದವನು ನಾನು. ಆದರೆ ತಿದ್ದುವ ಜಾಗ ಅಭ್ಯಾಸದ ಕೊಠಡಿ, ಹೊತ್ತು ಮಾರನೆಯ ದಿನ. ಆ ಸಂಜೆ ಸಭೆಯಲ್ಲಿದ್ದ ಮುನ್ನೂರು ಮಂದಿಯಲ್ಲಿ ಆ ಅಕ್ಷರದ ಲೋಪ ಕಿವಿಗೆ ಬಿದ್ದದ್ದು ಐದಾರು ಮಂದಿಗೆ. ಉಳಿದವರಿಗೆ ಕಂಡದ್ದು ಹೆಂಡತಿಯ ಕೊರಳಿಗೆ ಕತ್ತಿ ಎತ್ತಿ ನಿಂತ ಗಂಡ. ಮುನ್ನೂರು ಮಂದಿಯ ಕಣ್ಣೀರನ್ನು ನಾನು ಒಂದು ಅಕ್ಷರಕ್ಕೆ ಮಾರಿದೆ. ನಾಟಕದಲ್ಲಿ ಗುಣವೇ ಇಲ್ಲದ್ದು ಇಲ್ಲ, ದೋಷವೇ ಇಲ್ಲದ್ದೂ ಇಲ್ಲ, ಆದ್ದರಿಂದ ದೋಷಗಳನ್ನು ಅತಿಯಾಗಿ ಎಣಿಸಬಾರದು ಎಂಬ ಅಭಿಪ್ರಾಯ ಅದೇ 27ನೆಯ ಅಧ್ಯಾಯದಲ್ಲಿದೆ. ಹಾಗೆಂದು ನಟ ಅಲಕ್ಷ್ಯ ಮಾಡಬಾರದೆಂಬ ಎಚ್ಚರಿಕೆಯೂ ಅದರ ಬೆನ್ನಿಗೇ ಇದೆ. ನಟನಿಗೆ ಹೇಳಿದ್ದನ್ನು ನಾನು ನೆನಪಿಟ್ಟಿದ್ದೆ. ಪ್ರೇಕ್ಷಕನಿಗೆ ಹೇಳಿದ್ದನ್ನು ಮರೆತಿದ್ದೆ.

ಆಮೇಲೆ ನಾನು ಟೆನಿಸ್ಸಿನ ಬೆನ್ನು ಹತ್ತಿದೆ. ದೂರದರ್ಶನದಲ್ಲಿ ನೋಡಿದೆ, ಸಿಕ್ಕಿದ್ದನ್ನು ಓದಿದೆ. ಆಟಗಾರನಿಗೆ ಮೌನ ಏಕೆ ಬೇಕೆಂಬುದೂ ತಿಳಿಯಿತು. ಎದುರಾಳಿಯ ರ್‍ಯಾಕೆಟ್ಟಿನ ತಂತಿಗೆ ಚೆಂಡು ತಾಕುವ ಸದ್ದಿನಿಂದಲೇ ಅದರ ವೇಗವನ್ನೂ ತಿರುಗುವ ಬಗೆಯನ್ನೂ ಅವನು ಊಹಿಸಿಕೊಳ್ಳುತ್ತಾನೆ. ಆಡುವುದರಲ್ಲಿ ಕಿವಿಯೂ ಪಾಲುದಾರ. ನ್ಯೂಯಾರ್ಕಿನ ಟೆನಿಸ್ ಅಂಗಣದ ಹತ್ತಿರವೇ ಲಾ ಗಾರ್ಡಿಯ ವಿಮಾನ ನಿಲ್ದಾಣವಿದೆ. 1990ರಲ್ಲಿ ಆ ನಗರದ ಮೇಯರ್ ಆದ ಡೇವಿಡ್ ಡಿಂಕಿನ್ಸ್ ಟೆನಿಸ್ ಪ್ರೇಮಿ. ಪಂದ್ಯಾವಳಿಯ ದಿನಗಳಲ್ಲಿ ವಿಮಾನಗಳು ಅಂಗಣದ ಮೇಲೆ ಹಾರದಂತೆ ದಾರಿ ಬದಲಾಯಿಸುವ ಏರ್ಪಾಟು ಮಾಡಿಸಿದರು. ಆಟಕ್ಕಾಗಿ ವಿಮಾನಗಳನ್ನೇ ಸರಿಸಿದರಂತೆ; ನಾವು ನಾಟಕಕ್ಕಾಗಿ ಮೊಬೈಲನ್ನು ಆರಿಸಲಾರೆವೆ?

ಟೆನಿಸ್ ನೋಡುವವರೆಲ್ಲ ಸಾಧುಗಳೆಂದು ನಾನು ಹೇಳುವುದಿಲ್ಲ. 1999ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಫ್ರೆಂಚ್ ಪಂದ್ಯಾವಳಿಯ ಮಹಿಳೆಯರ ಅಂತಿಮ ಪಂದ್ಯವನ್ನು ನೋಡಿ. ಸ್ಟೆಫಿ ಗ್ರಾಫ್ ಎದುರು ಮಾರ್ಟಿನಾ ಹಿಂಗಿಸ್. ಹಿಂಗಿಸಳಿಗೆ ಆಗ 18 ವರ್ಷ. ಮೊದಲ ಸೆಟ್ಟನ್ನು ಗೆದ್ದವಳು, ಚೆಂಡು ಬಿದ್ದ ಗುರುತಿನ ವಿಚಾರದಲ್ಲಿ ತೀರ್ಪು ಒಪ್ಪದೆ ಬಲೆ ದಾಟಿ ಆಚೆಗೆ ಹೋದಳು. ಅದು ತಪ್ಪು, ಒಂದು ಅಂಕದ ದಂಡವೂ ಆಯಿತು. ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಸಭೆ ಮುಗಿಯಗೊಡಲಿಲ್ಲ. ಕೂಗು, ಮೂದಲಿಕೆ ನಿಲ್ಲಲಿಲ್ಲ. ಗೆಲುವಿನ ಹತ್ತಿರ ಬಂದಿದ್ದವಳು ಸೋತಳು. ಸೋತು ಅಂಗಣದಿಂದ ಹೊರಗೆ ಹೋದವಳನ್ನು ತಾಯಿ ಸಮಾಧಾನ ಮಾಡಿ, ಅಳುತ್ತಿದ್ದವಳನ್ನು ಬಹುಮಾನದ ಸಮಾರಂಭಕ್ಕೆ ಕರೆತರಬೇಕಾಯಿತು. ಆ ದಿನ ಗ್ರಾಫ್ ಆಡಿದ ಆಟ ದೊಡ್ಡದು. ಆದರೂ ಆ ಪಂದ್ಯವೆಂದರೆ ಇಂದಿಗೂ ಜನಕ್ಕೆ ನೆನಪಾಗುವುದು ಆ ಹುಡುಗಿಯ ಅಳು. ತಪ್ಪನ್ನು ಹಿಡಿದು ಜಗ್ಗಿದ ಸಭೆ ತನಗೆ ಸಿಗಬೇಕಾಗಿದ್ದ ಆನಂದವನ್ನು ತಾನೇ ಕೆಡಿಸಿಕೊಂಡಿತು. ಅದೇ ಪಂದ್ಯಾವಳಿಯಲ್ಲಿ 2024ರಲ್ಲಿ ಪ್ರೇಕ್ಷಕರ ವರ್ತನೆ ಮಿತಿಮೀರಿದ್ದರಿಂದ, ಕುಳಿತು ನೋಡುವ ಸಾಲುಗಳಲ್ಲಿ ಮದ್ಯ ಕುಡಿಯುವುದನ್ನೇ ನಿಷೇಧಿಸಬೇಕಾಯಿತು. ಆದ್ದರಿಂದ ಸಭ್ಯತೆ ಒಂದು ದೇಶದ ಸೊತ್ತಲ್ಲ. ಅದನ್ನು ಎಲ್ಲರೂ ದಿನದಿನವೂ ಹೊಸದಾಗಿ ಕಲಿಯಬೇಕು.

ನಾನಾದರೂ ಪೂರ್ತಿ ಕಲಿತೆನೆಂದು ಹೇಳಲಾರೆ. 2024ರ ಜನವರಿಯಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ ಮೆಲ್ಬರ್ನಿನಲ್ಲಿ ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ ಪುರುಷರ ಡಬಲ್ಸ್ ಅಂತಿಮ ಪಂದ್ಯ ಆಡಿದರು. ವಯಸ್ಸು 43. ಅದಕ್ಕೆ ಮೊದಲು 2010ರಲ್ಲಿ ಒಮ್ಮೆ, 2023ರಲ್ಲಿ ಒಮ್ಮೆ ನ್ಯೂಯಾರ್ಕಿನಲ್ಲಿ ಅಂತಿಮ ಪಂದ್ಯದವರೆಗೆ ಹೋಗಿ ಸೋತು ಬಂದವರು. ಮನೆಮಂದಿಯೆಲ್ಲ ದೂರದರ್ಶನದ ಮುಂದೆ ಕುಳಿತಿದ್ದೆವು. ಎದುರಾಳಿಗಳಾದ ಇಟಲಿಯವರ ಚೆಂಡು ಬಲೆಗೆ ಬಿತ್ತು. ನನ್ನ ಕೈಗಳೆರಡೂ ತಾವಾಗಿಯೇ ಮೇಲೆದ್ದವು. ಕಬ್ಬನ್ ಪಾರ್ಕಿನ ಹುಡುಗಿ ನೆನಪಾದಳು. ಕೈ ತೊಡೆಯ ಮೇಲಿಟ್ಟೆ. ಒಳಗೆ ಹುಟ್ಟುವ ಸಂತೋಷವನ್ನು ಯಾರೂ ತಡೆಯಲಾರರು, ಕೈಯನ್ನು ತಡೆಯಬಹುದು. ಬೋಪಣ್ಣನವರ ಜೋಡಿ 7-6, 7-5ರಿಂದ ಗೆದ್ದಾಗ ತಡೆದಿಟ್ಟದ್ದನ್ನೆಲ್ಲ ಸೇರಿಸಿ ತಟ್ಟಿದೆ. ಪುರುಷರ ಡಬಲ್ಸಿನಲ್ಲಿ ಅವರಿಗೆ ಅಂಥ ಪ್ರಶಸ್ತಿ ಅದೇ ಮೊದಲು. ಇಟಲಿಯವರು ಹೊಡೆದ ಒಂದೆರಡು ಸೊಗಸಾದ ಹೊಡೆತಗಳಿಗೂ ನಡುವೆ ತಟ್ಟಿದ್ದೆ. ಮಗ ನನ್ನನ್ನು ದೇಶದ್ರೋಹಿಯಂತೆ ನೋಡಿದ.

ಇಷ್ಟು ಹೇಳಿದ ಮೇಲೆ, ಕೇಳುತ್ತಿರುವ ತಮ್ಮಲ್ಲಿ ಕೆಲವು ಸಣ್ಣ ಬಿನ್ನಹಗಳು. ಹೊತ್ತಿಗೆ ಮುಂಚೆ ಹೋಗಿ ಕುಳಿತುಕೊಳ್ಳಿ. ತಡವಾದರೆ ದೃಶ್ಯ ಮುಗಿಯುವವರೆಗೆ ಬಾಗಿಲಲ್ಲೇ ನಿಲ್ಲಿ. ಟೆನಿಸ್ ನೋಡುವವರು ಬದಿ ಬದಲಾಗುವವರೆಗೆ ಕಾಯುವುದಿಲ್ಲವೆ? ಮೊಬೈಲನ್ನು ಆರಿಸಿ. ಅತಿಥಿಗಳಾಗಿ ಹೋದವರು ನಾಟಕ ಮುಗಿಯುವವರೆಗೆ ಕೂರಲಾಗದಿದ್ದರೆ ಪರದೆ ಏಳುವ ಮೊದಲೇ ಎದ್ದುಬಿಡಿ. ನಗೆ ಬಂದಲ್ಲಿ ನಗಿ, ಅಳು ಬಂದಲ್ಲಿ ಅಳಿ, ಹಾಡು ಹಿಡಿಸಿದರೆ ಚಪ್ಪಾಳೆ ತಟ್ಟಿ. ಅದಕ್ಕೆ ಯಾವ ಮುನಿಯ ಅಡ್ಡಿಯೂ ಇಲ್ಲ. ತಪ್ಪು ಕಂಡರೆ ಮಾತ್ರ ಒಂದು ರಾತ್ರಿ ಮನಸ್ಸಿನಲ್ಲಿಟ್ಟುಕೊಳ್ಳಿ. ಮಾರನೆಯ ದಿನ ಅದು ಹೇಳಬೇಕಾದದ್ದೇ ಎಂದು ತೋರಿದರೆ, ಆಡಿದವನನ್ನು ಒಬ್ಬನನ್ನೇ ಕಂಡು, ಮೊದಲು ಅವನ ಒಳ್ಳೆಯದನ್ನು ಹೇಳಿ, ಆಮೇಲೆ ಹೇಳಿ.

ಸೈಕಲ್ ಷಾಪಿನ ಹುಡುಗನ ವಿಚಾರ ಹೇಳಿ ಮುಗಿಸುತ್ತೇನೆ. ಬೆಂಗಳೂರಿನಿಂದ ಬಂದವನೇ ಅವನ ಅಂಗಡಿಗೆ ಹೋದೆ. ಈಗ ಅವನು ಹುಡುಗನಲ್ಲ. ಎರಡು ಮಕ್ಕಳ ತಂದೆ. "ಅವತ್ತು ತಪ್ಪು ಮಾಡಿದವನು ನಾನಪ್ಪ" ಎಂದೆ. ಅವನು ಗಾಳಿ ಹಾಕುತ್ತಿದ್ದ ಪಂಪು ನಿಲ್ಲಿಸಿ, "ಬಿಡಿ ಸಾ, ಎಷ್ಟು ಹಳೇ ಮಾತು" ಎಂದು ನಕ್ಕ. ಪಾತ್ರಕ್ಕೆ ಮಾತ್ರ ಮತ್ತೆ ಒಪ್ಪಲಿಲ್ಲ. ದಸರೆಯ ನಾಟಕದಲ್ಲಿ ಈಗಲೂ ಪರದೆ ಎಳೆಯುವ ಕೆಲಸ ಅವನದೇ. ನಾನು ಕಡೆಯ ಸಾಲಿನಲ್ಲಿ ಕುಳಿತು ನೋಡುತ್ತೇನೆ. ಯಾವಾಗಲಾದರೂ ಅವನು ಬಣ್ಣ ಹಚ್ಚಿಕೊಂಡು ಹೊರಗೆ ಬಂದಾನೆಂಬ ಆಸೆ ಇನ್ನೂ ಇದೆ. ಬಂದ ದಿನ 'ದರ್ಮ' ಎಂದರೂ ಸರಿಯೆ. ನನ್ನ ಬಾಯಿಂದ ಸದ್ದು ಬಾರದು.